ಎಲೆಯ ಬಾಯಿ ನುಡಿಯುವ ಸಾಕ್ಷಿ

(ಶಾಲೆಯ ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಚಾಲಕರು ನನಗೆ ಒಪ್ಪಿಸಿದ ವಿಷಯ 'ವಿಜ್ಞಾನ ಮತ್ತು ಸಮಾಜ'. ಅಷ್ಟು ದೊಡ್ಡ ಹೊರೆಯನ್ನು ಹೊರುವ ಶಕ್ತಿ ನನಗಿಲ್ಲ. ನಾಲ್ಕು ದಶಕಗಳ ಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದವನು ನಾನು. ಅದರಲ್ಲಿ ಬಹುಭಾಗವನ್ನು ಎಲೆಗಳ ಮೇಲಿರುವ, ಕಣ್ಣಿಗೆ ಕಾಣದ ರಂಧ್ರಗಳನ್ನು ಎಣಿಸುವುದರಲ್ಲಿಯೇ ಕಳೆದಿದ್ದೇನೆ. ಆದುದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಆ ರಂಧ್ರಗಳ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಆಡುತ್ತೇನೆ. ಗಿಡಗಿಡಗಳ ನಡುವಿನ ಬಳಗದ ಸಂಬಂಧವನ್ನು ಅವು ಎಷ್ಟರ ಮಟ್ಟಿಗೆ ತಿಳಿಸಬಲ್ಲವು, ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತವೆ ಎಂಬುದೇ ಇಂದಿನ ವಿಷಯ.

ಬಾಲ್ಯದ ಒಂದು ಘಟನೆಯಿಂದ ಆರಂಭಿಸುತ್ತೇನೆ. ಹಬ್ಬದೂಟ ಹೆಚ್ಚಾಗಿ ಹೊಟ್ಟೆ ಕಟ್ಟಿದವರಿಗೆಲ್ಲ ನನ್ನ ಅಜ್ಜಿ ಸೋನಾಮುಖಿಯ ಕಷಾಯ ಕುಡಿಸುತ್ತಿದ್ದಳು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋದವರು ಯಾರಾದರೂ ಗಿಡಮೂಲಿಕೆಯ ಅಂಗಡಿಯಿಂದ ಒಂದು ಪೊಟ್ಟಣ ಒಣ ಎಲೆ ತರಬೇಕಾಗಿತ್ತು. ಒಮ್ಮೆ ಅಜ್ಜಿ ಪೊಟ್ಟಣ ಬಿಚ್ಚಿ, ಒಂದೆರಡು ಎಲೆಗಳನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, "ಇದರಾಗ ತಂಗಡಿ ಎಲಿ ಕೂಡ್ಯಾವ" ಎಂದಳು. ಮುಂದಿನ ವಾರ ನನ್ನ ತಂದೆ ಅಂಗಡಿಗೆ ಹೋಗಿ ವಿಚಾರಿಸಿದರು. ಅಂಗಡಿಯವರು ನಕ್ಕು, "ನಿಮ್ಮ ತಾಯಿ ಮುಟ್ಟಿ ನೋಡಿ ಹೇಳಿದ್ರ ಆತೇನ್ರಿ? ಪುರಾವಾ ಏನೈತಿ?" ಎಂದು ಕೇಳಿದರಂತೆ. ತಂದೆಯವರಲ್ಲಿ ಉತ್ತರವಿರಲಿಲ್ಲ. ಸೋನಾಮುಖಿ, ತಂಗಡಿ ಎರಡೂ ಹಳದಿ ಹೂವಿನವು, ಎರಡೂ ಒಂದೇ ಬಳಗದವು. ಒಣಗಿ ಮುರಿದ ಎಲೆಯ ಜೊತೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಹೂವಿಲ್ಲದಾಗ ಗಿಡದ ಗುರುತನ್ನು ಹೇಳುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಡಲಿಲ್ಲ.

ಈ ಪ್ರಶ್ನೆ ಅಂಗಡಿಗೆ ಮಾತ್ರ ಸೀಮಿತವಾದುದಲ್ಲ. ಲಿನ್ನೇಯಸ್ 1753ರಲ್ಲಿ ಸಸ್ಯಗಳನ್ನೆಲ್ಲ ಹೆಸರಿಟ್ಟು ಹೊಂದಿಸಿದಾಗ ಹೂವಿನ ಕೇಸರ, ಶಲಾಕೆಗಳ ಲೆಕ್ಕವನ್ನೇ ಆಧಾರವಾಗಿ ಹಿಡಿದನು. ಅಂದಿನಿಂದ ಬಹುಕಾಲ ವರ್ಗೀಕರಣದಲ್ಲಿ ಹೂವಿನದೇ ಮೇಲುಗೈಯಾಗಿತ್ತು. ಆದರೆ ನಮ್ಮದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ. ಮಳೆ ಬಿದ್ದ ಮೇಲೆ ಮಡ್ಡಿಯ ಮೇಲೆ ಎದ್ದ ಎಷ್ಟೋ ಸಣ್ಣ ಗಿಡಗಳು ಕೆಲವೇ ವಾರ ಹೂವು ಬಿಟ್ಟು ಬೀಜ ಚೆಲ್ಲಿ ಒಣಗುತ್ತವೆ. ಆ ಕೆಲವು ವಾರ ತಪ್ಪಿತೋ, ಕೈಗೆ ಸಿಗುವುದು ಎಲೆಯೊಂದೇ. ಆಗ ಎಲೆಯನ್ನೇ ಮಾತನಾಡಿಸಬೇಕು.

ಎಲೆಯ ಹೊರಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹಾಸುಗಲ್ಲು ಹೊಂದಿಸಿದಂತೆ ಕೋಶಗಳು ಕಾಣುತ್ತವೆ. ಅವುಗಳ ನಡುನಡುವೆ ಪುಟ್ಟ ಬಾಯಿಗಳು. ಪ್ರತಿ ಬಾಯಿಗೆ ಎರಡು ತುಟಿಗಳಂತೆ ಎರಡು ಕಾವಲು ಕೋಶಗಳು. ಅವು ನೀರು ಹೀರಿ ಉಬ್ಬಿದಾಗ ಬಾಯಿ ತೆರೆಯುತ್ತದೆ, ಸೊರಗಿದಾಗ ಮುಚ್ಚುತ್ತದೆ. ತೆರೆದ ಬಾಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ನೀರಿನ ಆವಿ ಹೊರಗೆ ಹೋಗುತ್ತದೆ. ಇವೇ ಪತ್ರರಂಧ್ರಗಳು. ಬಹುಪಾಲು ಗಿಡಗಳಲ್ಲಿ ಕಾವಲು ಕೋಶಗಳ ಆಕಾರ ಹುರುಳಿಕಾಳಿನಂತೆ ಬಾಗಿರುತ್ತದೆ. ನಾವು ದಿನವೂ ರೊಟ್ಟಿಯಾಗಿ ತಿನ್ನುವ ಮಾಲದಂಡಿ ಜೋಳದ ಎಲೆಯಲ್ಲಿ ಹಾಗಿಲ್ಲ. ಅಲ್ಲಿ ಅವು ತಾಲೀಮಿನ ಮನೆಯ ಡಂಬೆಲ್ಲಿನಂತೆ ಎರಡು ತುದಿಗಳಲ್ಲಿ ಉಬ್ಬಿ ನಡುವೆ ಸಪೂರವಾಗಿರುತ್ತವೆ. ಎಲೆಯ ನರಗಳ ಗುಂಟ ಸಾಲು ಹಿಡಿದು ನಿಲ್ಲುತ್ತವೆ. ಗೋದಿ, ಗರಿಕೆ, ಕಬ್ಬು ಎಲ್ಲವೂ ಹೀಗೆಯೇ. ಹೊಲದಲ್ಲಿ ಜೋಳವೂ ತೊಗರಿಯೂ ಅಕ್ಕಪಕ್ಕದಲ್ಲಿ ಬೆಳೆದರೂ ಎಲೆಯ ಬಾಯಿಯನ್ನು ಒಮ್ಮೆ ನೋಡಿದರೆ ಸಾಕು, ಒಂದು ಹುಲ್ಲಿನ ವಂಶ, ಇನ್ನೊಂದು ಅಲ್ಲ ಎಂಬುದು ತಿಳಿಯುತ್ತದೆ.

ಆದರೆ ವರ್ಗೀಕರಣಕಾರನಿಗೆ ಬಾಯಿಗಿಂತ ಬಾಯಿಯ ನೆರೆಹೊರೆಯೇ ಹೆಚ್ಚು ಮುಖ್ಯ. ಕಾವಲು ಕೋಶಗಳನ್ನು ಸುತ್ತುವರಿದ ಕೋಶಗಳು ಹೇಗೆ ಹೊಂದಿಕೊಂಡಿವೆ ಎಂಬುದನ್ನು ನೋಡಿ ಫ್ರಾನ್ಸಿನ ಜೂಲಿಯನ್ ವೆಸ್ಕ್ 1889ರಲ್ಲಿ ನಾಲ್ಕು ಮಾದರಿಗಳನ್ನು ಗುರುತಿಸಿದನು. ಒಂದೊಂದಕ್ಕೆ ಒಂದೊಂದು ಸಸ್ಯಕುಟುಂಬದ ಹೆಸರಿಟ್ಟನು. ಕುಟುಂಬದ ಹೆಸರು ಮುಂದೆ ತೊಡಕಾಯಿತು, ಏಕೆಂದರೆ ಒಂದೇ ಮಾದರಿ ಬೇರೆ ಬೇರೆ ಕುಟುಂಬಗಳಲ್ಲಿ ಕಂಡುಬಂದಿತು. 1950ರಲ್ಲಿ ಮೆಟ್‌ಕಾಫ್ ಮತ್ತು ಚಾಕ್ ತಮ್ಮ ದೊಡ್ಡ ಗ್ರಂಥದಲ್ಲಿ ಕೋಶಗಳ ಜೋಡಣೆಯನ್ನೇ ಹೇಳುವ ಹೊಸ ಹೆಸರುಗಳನ್ನು ಕೊಟ್ಟರು. ಅವುಗಳನ್ನು ನಾನು ತರಗತಿಯಲ್ಲಿ ಅನಿಯತ, ಅಸಮ, ಸಮಾಂತರ, ಅಡ್ಡ ಎಂದು ಕರೆಯುತ್ತಿದ್ದೆ. ಸೂರ್ಯಕಾಂತಿ, ಸೌತೆಗಳ ಎಲೆಯಲ್ಲಿ ರಂಧ್ರದ ಸುತ್ತಲಿನ ಕೋಶಗಳಿಗೂ ಉಳಿದ ಕೋಶಗಳಿಗೂ ಭೇದವೇ ಕಾಣುವುದಿಲ್ಲ, ಅದು ಅನಿಯತ. ಸಾಸಿವೆ, ಮೂಲಂಗಿಗಳಲ್ಲಿ ಮೂರು ಕೋಶಗಳು ಸುತ್ತುವರಿದಿದ್ದು ಅವುಗಳಲ್ಲಿ ಒಂದು ಎದ್ದು ಕಾಣುವಷ್ಟು ಚಿಕ್ಕದು, ಒಲೆಗೆ ಹೂಡಿದ ಮೂರು ಗುಂಡುಗಳಲ್ಲಿ ಒಂದು ಗಿಡ್ಡದಾದಂತೆ, ಅದು ಅಸಮ. ಕಾಫಿಯ ಎಲೆಯಲ್ಲಿ ರಂಧ್ರದ ಎಡಬಲಗಳಲ್ಲಿ, ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ, ಒಂದೊಂದು ಕೋಶ ಉದ್ದಕ್ಕೂ ಒತ್ತಿ ನಿಂತಿರುತ್ತದೆ, ಅದು ಸಮಾಂತರ. ತುಳಸಿಯಲ್ಲಿ ಎರಡು ಕೋಶಗಳು ರಂಧ್ರವನ್ನು ಮೇಲಿಂದ ಕೆಳಗಿಂದ ತಬ್ಬಿಕೊಂಡಿರುತ್ತವೆ, ಅವು ಕೂಡುವ ಗೋಡೆ ರಂಧ್ರದ ಉದ್ದಕ್ಕೆ ಅಡ್ಡವಾಗಿರುತ್ತದೆ. ಅದು ಅಡ್ಡ ಮಾದರಿ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಸಮಾಂತರ ಮಾದರಿಯ ಪಾಶ್ಚಾತ್ಯ ಹೆಸರು 'ಪ್ಯಾರಾಸೈಟಿಕ್'. ಕಾಲೇಜಿನಲ್ಲಿ ಆ ಪದವನ್ನು ಕಿವಿಯಿಂದಷ್ಟೇ ಕೇಳಿದ ನಮ್ಮ ಹಳ್ಳಿಯ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಪರಾವಲಂಬಿ ಸಸ್ಯಗಳ ಬಗ್ಗೆ ಎರಡು ಪುಟ ಬರೆದಿದ್ದ. ಬಂದಳಿಕೆಯ ಚಿತ್ರವನ್ನೂ ಚೆನ್ನಾಗಿಯೇ ಬಿಡಿಸಿದ್ದ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ದಡ್ಡತನ ಎಂದು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. 'ಸಮಾಂತರ' ಎಂದಿದ್ದರೆ ಅವನು ತಪ್ಪುತ್ತಿರಲಿಲ್ಲ. ಬಾಲಭಾರತಿಯ ಕನ್ನಡ ಪಠ್ಯದಲ್ಲಿ 'ಪತ್ರರಂಧ್ರ' ಎಂದು ಓದಿದ ಮಗುವಿಗೂ ಪಕ್ಕದ ಮರಾಠಿ ಶಾಲೆಯಲ್ಲಿ 'ಪರ್ಣರಂಧ್ರ' ಎಂದು ಓದಿದ ಮಗುವಿಗೂ ಎಲೆಗೆ ಬಾಯಿ ಇದೆ ಎಂಬುದು ಪದದಿಂದಲೇ ತಿಳಿಯುತ್ತದೆ. ಪಾಶ್ಚಾತ್ಯ ಪದಗಳನ್ನು ಕಲಿಯಬೇಡಿರೆಂದು ನಾನು ಹೇಳುತ್ತಿಲ್ಲ, ಕಲಿಯಲೇಬೇಕು. ಮೊದಲು ವಸ್ತು, ಆಮೇಲೆ ಹೆಸರು ಎಂಬುದಷ್ಟೇ ನನ್ನ ವಾದ.

ಇನ್ನು ನಮ್ಮ ಬೇಲಿಯ ಗಿಡಗಳ ಕಡೆಗೆ ಬರೋಣ. ಕೆಮ್ಮಿಗೆ ಕೊಡುವ ಆಡುಸೋಗೆಯ ಹೂವು ಬಿಳಿ, ತುಟಿ ತೆರೆದಂತಿರುತ್ತದೆ. ಮುಳ್ಳುಗೋರಂಟಿಯ ಹೂವು ಹಳದಿ. ಹೆಣ್ಣುಮಕ್ಕಳು ಮುಡಿಯುವ ಕನಕಾಂಬರ ಕೇಸರಿ ಬಣ್ಣದ್ದು, ಒಂದೇ ಪಕ್ಕಕ್ಕೆ ಬಿಡಿಸಿದ ಬೀಸಣಿಗೆಯಂತೆ. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ದಾಯಾದಿಗಳೆಂದು ನಂಬುವುದು ಕಷ್ಟ. ಎಲೆಯ ಹೊರಪದರವನ್ನು ನೋಡಿದರೆ ಮೂರರಲ್ಲಿಯೂ ಅಡ್ಡ ಮಾದರಿಯ ಪತ್ರರಂಧ್ರಗಳೇ. ಮೂರೂ ಅಕಾಂತೇಸಿ ಕುಟುಂಬದವು. ಇನ್ನೂ ಸ್ವಲ್ಪ ಗಮನವಿಟ್ಟು ನೋಡಿದರೆ ಆಡುಸೋಗೆ, ಮುಳ್ಳುಗೋರಂಟಿಗಳ ಹೊರಪದರದ ಕೆಲವು ಕೋಶಗಳಲ್ಲಿ ಸಿಸ್ಟೋಲಿತ್ ಎಂಬ ಸುಣ್ಣದ ಹರಳುಗಳು ಕಾಣುತ್ತವೆ. ಕನಕಾಂಬರದಲ್ಲಿ ಅವು ಇಲ್ಲ. ಅಕಾಂತೇಸಿಯೊಳಗೆ ಕನಕಾಂಬರದ ಕವಲು ಬೇರೆ, ಉಳಿದೆರಡರದು ಬೇರೆ ಎಂದು ಸಸ್ಯಶಾಸ್ತ್ರಜ್ಞರು ವಿಂಗಡಿಸಿರುವುದಕ್ಕೆ ಈ ಹರಳೂ ಒಂದು ಆಧಾರ. ರಂಧ್ರದ ಜೋಡಣೆ ಕುಟುಂಬವನ್ನು ಹೇಳಿತು, ಹರಳು ಕವಲನ್ನು ಹೇಳಿತು. ಇಂಥ ಕಡೆ ಎಲೆಯ ಸಾಕ್ಷಿ ಬಹಳ ಚೊಕ್ಕ.

ಆದರೆ ತುಳಸಿಯೂ ಅಡ್ಡ ಮಾದರಿಯದೇ ಎಂದು ಈಗ ತಾನೇ ಹೇಳಿದೆನಲ್ಲ. ತುಳಸಿ ಅಕಾಂತೇಸಿಗೆ ಸೇರಿದ್ದಲ್ಲ. ದೂರದ ನೆಂಟ, ಒಂದೇ ಗಣದ ಬೇರೆ ಕುಟುಂಬ. ಅಷ್ಟಾದರೂ ನೆಂಟಸ್ತಿಕೆ ಇದೆ ಎನ್ನೋಣ. ವೆಸ್ಕ್ ಈ ಮಾದರಿಗೆ ಯಾವ ಕುಟುಂಬದ ಹೆಸರಿಟ್ಟನೋ ಆ ಕಾರ್ನೇಷನ್ ಹೂವಿನ ಕುಟುಂಬಕ್ಕೂ ಇವೆರಡಕ್ಕೂ ಹತ್ತಿರದ ಸಂಬಂಧವೇ ಇಲ್ಲ. ಬೇರೆ ಬೇರೆ ವಂಶಗಳು ತಮ್ಮ ತಮ್ಮ ದಾರಿಯಲ್ಲಿ ನಡೆದು ಒಂದೇ ಜೋಡಣೆಗೆ ಬಂದು ಮುಟ್ಟಿವೆ. ಅಲಹಾಬಾದಿನ ಡಿ. ಡಿ. ಪಂತ್ 1965ರಲ್ಲಿ ಇನ್ನೂ ಆಳಕ್ಕೆ ಇಳಿದರು. ಎಳೆಯ ಎಲೆಯಲ್ಲಿ ಒಂದು ತಾಯಿಕೋಶ ಒಡೆದು ಕಾವಲು ಕೋಶಗಳಾಗುವಾಗ ಅವುಗಳ ನೆರೆಕೋಶಗಳು ಅದೇ ತಾಯಿಕೋಶದಿಂದ ಹುಟ್ಟಿದವೋ, ಹೊರಗಿನಿಂದ ಬಂದು ಸೇರಿದವೋ ಎಂದು ಹುಡುಕಿ, ಅದಕ್ಕೆ ತಕ್ಕಂತೆ ಪತ್ರರಂಧ್ರಗಳನ್ನು ಬೇರೆಯಾಗಿ ವಿಂಗಡಿಸಿದರು. ಬಲಿತ ಮೇಲೆ ಒಂದೇ ರೂಪ ತಳೆದ ಎರಡು ರಂಧ್ರಗಳ ಹುಟ್ಟು ಬೇರೆಯಾಗಿರಬಹುದು. ಮುಖ ಹೋಲುವ ಎಲ್ಲರೂ ಒಡಹುಟ್ಟಿದವರಲ್ಲ ಎಂಬುದು ನಮಗೆ ತಿಳಿದ ಮಾತೇ.

ಈಗ ಅಜ್ಜಿಯ ಪೊಟ್ಟಣಕ್ಕೆ ಬರುತ್ತೇನೆ. ತಂಗಡಿ, ತಗಚೆ, ಸೋನಾಮುಖಿ, ಕಕ್ಕೆ ಇವೆಲ್ಲ ಬಹುಕಾಲ ಕ್ಯಾಸಿಯ ಎಂಬ ಒಂದೇ ಜಾತಿಯಲ್ಲಿದ್ದವು. ನಾನು ಕಲಿತದ್ದೂ ಹಾಗೆಯೇ. 1982ರಲ್ಲಿ ಇರ್ವಿನ್ ಮತ್ತು ಬಾರ್ನ್‌ಬಿ ಎಂಬ ವಿದ್ವಾಂಸರು ಆ ದೊಡ್ಡ ಒಟ್ಟು ಕುಟುಂಬವನ್ನು ಮೂರು ಪಾಲು ಮಾಡಿದರು. ಕಕ್ಕೆ ಕ್ಯಾಸಿಯದಲ್ಲಿಯೇ ಉಳಿಯಿತು. ತಂಗಡಿ, ತಗಚೆ, ಸೋನಾಮುಖಿಗಳು ಸೆನ್ನ ಎಂಬ ಮನೆಗೆ ಹೋದವು. ಇನ್ನು ಕೆಲವು ಚಾಮೆಕ್ರಿಸ್ಟ ಆದವು. ತಂಗಡಿ ಮತ್ತು ಸೋನಾಮುಖಿಗಳ ಎಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನಾನು ಮೊದಲ ಬಾರಿ ನೋಡಿದಾಗ ನಿರಾಶೆಯಾಯಿತು. ಎರಡರಲ್ಲಿಯೂ ಮುಖ್ಯವಾಗಿ ಸಮಾಂತರ ಮಾದರಿಯೇ! ಇವು ಒಂದೇ ಬಳಗ ಎಂಬುದನ್ನು ರಂಧ್ರಗಳು ಖಚಿತಪಡಿಸಿದವು. ಆದರೆ ಒಡಹುಟ್ಟಿದವರಲ್ಲಿ ಇವನು ಯಾರು, ಅವನು ಯಾರು ಎಂದು ಕೇಳಿದರೆ ಜೋಡಣೆಯೊಂದೇ ಉತ್ತರ ಕೊಡುವುದಿಲ್ಲ.

ಆಗ ಲೆಕ್ಕಕ್ಕೆ ಇಳಿಯಬೇಕು. ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ರಂಧ್ರಗಳಿವೆ ಎಂದು ಎಣಿಸುವುದು ಸುಲಭ, ನಂಬುವುದು ಕಷ್ಟ. ಎಲೆ ಅಗಲವಾಗಿ ಹಿಗ್ಗಿದರೆ ರಂಧ್ರಗಳ ನಡುವಿನ ಅಂತರವೂ ಹಿಗ್ಗುತ್ತದೆ, ಸಂಖ್ಯೆ ಕಡಿಮೆ ಬರುತ್ತದೆ. ಇಂಗ್ಲೆಂಡಿನ ಸಾಲ್ಸ್‌ಬರಿ 1927ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡನು. ಒಂದೇ ಕ್ಷೇತ್ರದಲ್ಲಿರುವ ರಂಧ್ರಗಳನ್ನೂ ಉಳಿದ ಹೊರಪದರದ ಕೋಶಗಳನ್ನೂ ಎಣಿಸಿ, ಒಟ್ಟಿನಲ್ಲಿ ರಂಧ್ರಗಳ ಪಾಲು ನೂರಕ್ಕೆ ಎಷ್ಟು ಎಂದು ತೆಗೆಯುವುದು. 20 ರಂಧ್ರ, 80 ಕೋಶ ಇದ್ದರೆ ಸೂಚ್ಯಂಕ 20. ಎಲೆ ಹಿಗ್ಗಿದರೆ ಎರಡೂ ಒಟ್ಟಿಗೆ ದೂರ ಸರಿಯುವುದರಿಂದ ಪಾಲು ಅಷ್ಟಾಗಿ ಬದಲಾಗುವುದಿಲ್ಲ.

ಈ ಸೂಚ್ಯಂಕದ ಬೆಲೆ ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಪೆಟ್ಟಿನಿಂದ ತಿಳಿಯಿತು. ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಎರಡು ಕಡೆಯ ತಂಗಡಿಗಳನ್ನು ಹೋಲಿಸಿದ್ದೆ. ಒಂದು ಬಾವಿಯ ಪಕ್ಕ ಬೇವಿನ ನೆರಳಿನದು, ಇನ್ನೊಂದು ಬೋಳು ಮಡ್ಡಿಯದು. ಮಡ್ಡಿಯ ಗಿಡದಲ್ಲಿ ರಂಧ್ರಗಳು ಎಷ್ಟೋ ದಟ್ಟವಾಗಿದ್ದವು. ಇವೆರಡೂ ಬೇರೆ ಬೇರೆ ತಳಿಗಳೇ ಸರಿ ಎಂದು ಉಬ್ಬಿ, ಒಂದು ಅಧ್ಯಾಯವನ್ನೇ ಬರೆದುಬಿಟ್ಟೆ. ನಮ್ಮ ಸೀಮೆಯವರೇ ಆದ ನನ್ನ ಮಾರ್ಗದರ್ಶಕರು ಅದನ್ನು ಓದಿ ಕನ್ನಡಕ ತೆಗೆದು ಕೇಳಿದ್ದು ಇಷ್ಟೇ: "ಒಂದ ಎಲಿ ನೋಡಿ ಊರ ಸುದ್ದಿ ಹೇಳತೀಯೇನಪಾ?" ಐದೈದು ಗಿಡ, ಪ್ರತಿ ಗಿಡದಿಂದ ಒಂದೇ ಸ್ಥಾನದ ಎಲೆಗಳು, ಪ್ರತಿ ಎಲೆಯಲ್ಲಿ ಬುಡ, ನಡು, ತುದಿ, ಎಲ್ಲವನ್ನೂ ಮತ್ತೆ ಎಣಿಸಿ ಸೂಚ್ಯಂಕ ತೆಗೆ ಎಂದರು. ಎರಡು ತಿಂಗಳು ಎಣಿಸಿದೆ. ನನ್ನ ಹೊಸ ತಳಿ ಮಾಯವಾಯಿತು. ಉಳಿದದ್ದು ಬಿಸಿಲಿನ ಎಲೆ, ನೆರಳಿನ ಎಲೆ ಎಂಬ ಭೇದವಷ್ಟೇ. ಆ ಅಧ್ಯಾಯವನ್ನು ನಾನೇ ಹರಿದು ಹಾಕಿದೆ.

ಸೂಚ್ಯಂಕವೂ ದೇವರ ಮಾತಲ್ಲ. ಸೋನಾಮುಖಿಯಲ್ಲಿ ವ್ಯಾಪಾರದವರು ಎರಡು ಬಗೆ ಮಾಡುತ್ತಾರೆ: ಈಜಿಪ್ತಿನ ಅಲೆಕ್ಸಾಂಡ್ರಿಯದ ಹೆಸರಿನದು ಒಂದು, ನಮ್ಮ ತಿರುನೆಲ್ವೇಲಿಯದು ಇನ್ನೊಂದು. ಔಷಧಶಾಸ್ತ್ರದ ಗ್ರಂಥಗಳು ಮೊದಲನೆಯದಕ್ಕೆ 10ರಿಂದ 15, ಎರಡನೆಯದಕ್ಕೆ 14ರಿಂದ 20 ಎಂದು ಪತ್ರರಂಧ್ರ ಸೂಚ್ಯಂಕವನ್ನು ಕೊಡುತ್ತವೆ. 12 ಬಂದರೆ ನಿಶ್ಚಿಂತೆಯಿಂದ ಹೇಳಬಹುದು, 18 ಬಂದರೂ ಹೇಳಬಹುದು. 14.5 ಬಂದರೆ ಸುಮ್ಮನಿರುವುದೇ ಲೇಸು. ಸ್ವಾರಸ್ಯವೆಂದರೆ, ಇಷ್ಟು ಭೇದವಿದ್ದರೂ ಇಂದಿನ ಬಹುಮಂದಿ ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಪ್ರಭೇದವೆಂದು, ಸೆನ್ನ ಅಲೆಕ್ಸಾಂಡ್ರಿನ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಸರಕು ಎಲ್ಲಿಯದೆಂದು ತಿಳಿಯಬೇಕಾದವನಿಗೆ ಆ ಸಂಖ್ಯೆ ಉಪಯುಕ್ತ. ಅದರಿಂದಲೇ ಎರಡು ಪ್ರಭೇದಗಳನ್ನು ಮಾಡುವುದು ಸಲ್ಲದು. ನನಗೆ ಈ ನಿರ್ಣಯ ಸರಿಯೆನಿಸುತ್ತದೆ.

ಹಾಗಾದರೆ ತಂಗಡಿಯ ಕಲಬೆರಕೆಯನ್ನು ಹಿಡಿಯುವುದು ಹೇಗೆ? ಸೋನಾಮುಖಿಗೆ ತಂಗಡಿಯ ಎಲೆ ಬೆರೆಸುವುದು ಔಷಧಶಾಸ್ತ್ರದ ಪುಸ್ತಕಗಳಲ್ಲಿ ದಾಖಲಾದ ಹಳೆಯ ಚಾಳಿಯೇ. ಅಲ್ಲಿ ಕೈಹಿಡಿಯುವುದು ರಂಧ್ರಗಳ ನಡುವೆ ಎದ್ದಿರುವ ರೋಮಗಳು. ತಂಗಡಿಯ ರೋಮಗಳು ಸೋನಾಮುಖಿಯ ರೋಮಗಳಿಗಿಂತ ಬಹಳ ಉದ್ದ. ಅಜ್ಜಿಯ ಬೆರಳು ತಿಳಿದದ್ದು ಬಹುಶಃ ಅದನ್ನೇ. ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡ ದಿನ ಅಜ್ಜಿ ಇರಲಿಲ್ಲ. ಅಂಗಡಿಯೂ ಮುಚ್ಚಿಹೋಗಿತ್ತು.

ರಂಧ್ರಗಳು ವಂಶವನ್ನಲ್ಲದೆ ಬದುಕನ್ನೂ ಹೇಳುತ್ತವೆ, ಎರಡನ್ನೂ ಬೆರೆಸಿಕೊಳ್ಳಬಾರದು. ಕಣಗಿಲೆಯ ಎಲೆಯ ಕೆಳಗಡೆ ರೋಮ ತುಂಬಿದ ಗುಳಿಗಳಿದ್ದು ರಂಧ್ರಗಳು ಅವುಗಳೊಳಗೆ ಅಡಗಿರುತ್ತವೆ. ಅದೇ ಕುಟುಂಬದ ನಿತ್ಯಪುಷ್ಪದಲ್ಲಿ ಗುಳಿಗಳಿಲ್ಲ. ಅದನ್ನು ನೋಡಿ ಇವೆರಡನ್ನೂ ಅಗಲಿಸುವಂತಿಲ್ಲ. ನೈದಿಲೆಯ ತೇಲುವ ಎಲೆಗೆ ಮೇಲ್ಮೈಯಲ್ಲಿ ಮಾತ್ರ ರಂಧ್ರ. ಕೆಳಗಡೆ ನೀರಿದ್ದರೆ ಬಾಯಿ ಇದ್ದು ಫಲವೇನು? ಬ್ರಿಟನ್ನಿನ ವುಡ್‌ವರ್ಡ್ 1987ರಲ್ಲಿ ಹರ್ಬೇರಿಯಂನ ಹಾಳೆಗಳಲ್ಲಿ ಇನ್ನೂರು ವರ್ಷಗಳಿಂದ ಕೂಡಿಟ್ಟ ಮರಗಳ ಎಲೆಗಳನ್ನು ಪರೀಕ್ಷಿಸಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆಲ್ಲ ರಂಧ್ರಗಳ ಸಾಂದ್ರತೆ ಸುಮಾರು ನೂರಕ್ಕೆ 40ರಷ್ಟು ಇಳಿದಿರುವುದನ್ನು ತೋರಿಸಿದನು. ನಮ್ಮ ಶಾಲೆಯ ಮೊದಲ ತಂಡದ ಮಕ್ಕಳು ಪುಸ್ತಕದ ನಡುವೆ ಒಂದು ಎಲೆಯನ್ನು ಒತ್ತಿಟ್ಟಿದ್ದರೆ ಇಂದು ಅದನ್ನು ಎಣಿಸಿ ನೋಡಬಹುದಾಗಿತ್ತು. ಇಟ್ಟಿಲ್ಲ. ನೀವಾದರೂ ಈ ವರ್ಷ ಇಡಿ. ಊರು, ತಾರೀಖು, ಗಿಡದ ಹೆಸರು, ಬಿಸಿಲಿನದೋ ನೆರಳಿನದೋ ಎಂಬುದನ್ನು ಮರೆಯದೆ ಬರೆಯಿರಿ.

'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯವರನ್ನು ನೀವು ಸಾಹಿತಿಯೆಂದು ಬಲ್ಲಿರಿ. ಸಸ್ಯದ ಒಳರಚನೆಯಿಂದ ಅದರ ಬಳಗವನ್ನು ಹುಡುಕುವುದೇ ಅವರ ವಿದ್ವತ್ತಿನ ಕ್ಷೇತ್ರವಾಗಿತ್ತು. 1950ರಲ್ಲಿ ಅವರು ಮತ್ತು ಬೈಲಿ ಸಾರ್ಕಾಂಡ್ರ ಎಂಬ ಹೂಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ನಾಳಗಳಿಲ್ಲವೆಂದು ಹೇಳಿದಾಗ ಸಸ್ಯಲೋಕ ಕಿವಿಗೊಟ್ಟಿತು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಅದೇ ಗಿಡದ ಕಟ್ಟಿಗೆಯಲ್ಲಿ ನಾಳಗಳನ್ನು ತೋರಿಸಿದನು. ಅಂಥ ದೊಡ್ಡವರ ಮಾತೂ ಮರುಪರೀಕ್ಷೆಗೆ ಒಳಗಾಗುತ್ತದೆ ಎಂದರೆ ನನ್ನ ತಂಗಡಿಯ ಅಧ್ಯಾಯ ಯಾವ ಲೆಕ್ಕ!

ನಮ್ಮ ಜಿಲ್ಲೆಯಲ್ಲಿ ಹೊಸತೇನಿದೆ ಎಂದು ಕೇಳುವವರಿದ್ದಾರೆ. ಸೊಲ್ಲಾಪುರದ ಹೆಸರನ್ನೇ ಹೊತ್ತ ಕ್ರೈನಮ್ ಸೋಲಾಪುರೆನ್ಸ್ ಎಂಬ ಗಡ್ಡೆಯ ಸಸ್ಯವನ್ನು ಗಾಯಕವಾಡ, ಗಾರಡ, ಗೋರೆ ಎಂಬ ನಮ್ಮ ಸೀಮೆಯ ಸಂಶೋಧಕರು 2014ರಲ್ಲಿ ಕ್ಯೂ ಬುಲೆಟಿನ್ ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಮರುವರ್ಷ ಅವರದೇ ಜಿಲ್ಲೆಯ ಸಸ್ಯಸಂಪತ್ತಿನ ಪಟ್ಟಿಯೂ ಹೊರಬಂದಿತು. ಆ ಪಟ್ಟಿಯ ಒಂದೊಂದು ಹೆಸರಿಗೂ ಎಲೆಯ ಹೊರಪದರದ ಒಂದೊಂದು ಚಿತ್ರವನ್ನು ಕೂಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಒಬ್ಬನ ಆಯುಷ್ಯಕ್ಕೆ ಅದು ಮೀರಿದ್ದು. ಒಂದು ಶಾಲೆಗೆ ಅಲ್ಲ.

ಕೆಲಸದ ರೀತಿ ಸರಳ. ಎಲೆಯ ಕೆಳಗಡೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ಎತ್ತಿರಿ. ಎಲೆಯ ಅಚ್ಚು ಅದರೊಡನೆ ಬರುತ್ತದೆ. ಅದನ್ನು ಗಾಜಿನ ಪಟ್ಟಿಗೆ ಹಚ್ಚಿ ನೋಡಿ. ರೋಮ ದಟ್ಟವಾದ ಎಲೆಗೆ ಈ ಉಪಾಯ ಚೆನ್ನಾಗಿ ಒಗ್ಗುವುದಿಲ್ಲ. ನಾವು ಕಾಲೇಜಿನಲ್ಲಿ ಆಮ್ಲದಲ್ಲಿ ಕುದಿಸಿ ಪದರ ಬಿಡಿಸುತ್ತಿದ್ದೆವು. ಮಕ್ಕಳು ಆ ಗೊಡವೆಗೆ ಹೋಗಕೂಡದು. ದೊಡ್ಡ ಸೂಕ್ಷ್ಮದರ್ಶಕ ಇಲ್ಲದಿದ್ದರೆ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ಕಾಗದವನ್ನು ಮಡಚಿ ರೂಪಿಸಿದ ಫೋಲ್ಡ್‌ಸ್ಕೋಪ್ ಇದೆ; 140 ಪಟ್ಟು ಹಿಗ್ಗಿಸುತ್ತದೆ, ರಂಧ್ರಗಳನ್ನು ಕಾಣಲು ಅಷ್ಟು ಸಾಕು.

ಹೊರಗಿನ ಪಡಸಾಲೆಯ ಮೇಜಿನ ಮೇಲೆ ಮೂರು ಸೂಕ್ಷ್ಮದರ್ಶಕಗಳನ್ನು ಇರಿಸಿದ್ದೇವೆ. ಎಂಟನೆಯ ತರಗತಿಯ ಮಕ್ಕಳು ನಿನ್ನೆ ಸಂಜೆ ಅಚ್ಚು ತೆಗೆದಿದ್ದಾರೆ. ಮೊದಲನೆಯದು ಜೋಳ, ಎರಡನೆಯದು ಶಾಲೆಯ ಬೇಲಿಯ ಆಡುಸೋಗೆ. ಮೂರನೆಯದಕ್ಕೆ ಚೀಟಿ ಹಚ್ಚಿಲ್ಲ. ಅದೂ ಇದೇ ಅಂಗಳದ ಗಿಡ. ಊಟಕ್ಕೆ ಹೋಗುವ ಮುನ್ನ ನೋಡಿ, ಯಾವ ಕುಟುಂಬದ್ದೆಂದು ಪಕ್ಕದಲ್ಲಿಟ್ಟ ವಹಿಯಲ್ಲಿ ಬರೆಯಿರಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲವೆಂದೇ ಬರೆಯಬಹುದು. ನಿನ್ನೆ ನಾನೂ ಮೊದಲು ಹಾಗೆಯೇ ಬರೆದೆ.